ಅಕೌಸ್ಟಿಕ್ ಗಿಟಾರ್: ಹೈದರಾಬಾದಿನಲ್ಲಿ ಆರಂಭಿಕ ಕಲಿಕೆ

ಅಕೌಸ್ಟಿಕ್ ಗಿಟಾರ್ ವಿದ್ಯುತ್ತಿನ ನೆರವಿಲ್ಲದೆ, ಟೊಳ್ಳಾದ ಮರದ ಒಡಲಿನಿಂದಲೇ ನಾದ ಹೊಮ್ಮಿಸುವ ಆರು ತಂತಿಯ ವಾದ್ಯ. ಹೈದರಾಬಾದಿನಲ್ಲಿ ಇದನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಲ್ಲಿ ಶಾಲೆಯ ಮಕ್ಕಳಿಂದ ಹಿಡಿದು ಐಟಿ ನೌಕರರವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಓದಿಗೆ, ನೌಕರಿಗೆ ಬಂದ ಕನ್ನಡಿಗರಿಗೂ ಈ ಊರು ಹೊಸದಲ್ಲ. 1956ರ ನವೆಂಬರ್ 1ರವರೆಗೆ ಆ ಸೀಮೆಯೆಲ್ಲ ಹೈದರಾಬಾದ್ ರಾಜ್ಯದ್ದೇ ಆಗಿತ್ತು. ಹೊಸದಾಗಿ ಕಲಿಯತೊಡಗಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೊದಲ ವರ್ಷದೊಳಗೇ ವಾದ್ಯವನ್ನು ಮೂಲೆಗೆ ಒರಗಿಸುತ್ತಾರೆಂದು ಅಮೆರಿಕದ ಫೆಂಡರ್ ಗಿಟಾರ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಮೂನಿ ಹೇಳಿದ್ದುಂಟು. ಬಿಟ್ಟವರು ಸಾಮಾನ್ಯವಾಗಿ ತಮ್ಮ ಬೆರಳನ್ನೇ ದೂರುತ್ತಾರೆ. ಬಹಳ ಸಲ ದೋಷ ಇರುವುದು ತಂತಿ ನಿಂತಿರುವ ಎತ್ತರದಲ್ಲಿ.

ನಗರದಲ್ಲಿ ಗಿಟಾರ್

ಹೈದರಾಬಾದಿನ ಅವಳಿ ನಗರವಾದ ಸಿಕಂದರಾಬಾದ್‌ಗೆ 1806ರಲ್ಲಿ ನಿಜಾಮ ಸಿಕಂದರ್ ಜಾನ ಹೆಸರು ಬಂತು. ಬ್ರಿಟಿಷ್ ದಂಡುಪ್ರದೇಶವಾಗಿ ಬೆಳೆದ ಈ ಊರಿಗೆ 1874ರಲ್ಲಿ ವಾಡಿಯಿಂದ ರೈಲು ಬಂದಿತು. ಮುಂದೆ ಲಾಲಾಗುಡಾದಲ್ಲಿ ರೈಲ್ವೆ ಕಾರ್ಯಾಗಾರವೂ ಎದ್ದಿತು. ದಂಡಿನ ಬ್ಯಾಂಡು, ಚರ್ಚಿನ ಗಾಯನ, ರೈಲ್ವೆ ಕಾಲೊನಿಗಳ ಆಂಗ್ಲೋ-ಇಂಡಿಯನ್ ಮನೆಗಳು ಪಾಶ್ಚಾತ್ಯ ಸಂಗೀತಕ್ಕೆ ಇಲ್ಲಿ ನೆಲೆ ಒದಗಿಸಿದವು. ಉಳಿದ ಜನರ ಕಿವಿಗೆ ಗಿಟಾರ್ ಬಿದ್ದದ್ದು ಸಿನಿಮಾದ ಮೂಲಕ. 1973ರ ‘ಯಾದೋಂ ಕೀ ಬಾರಾತ್’ ಚಿತ್ರದ ‘ಚುರಾ ಲಿಯಾ’ ಹಾಡಿನಲ್ಲಿ ಗಾಯಕ ಭೂಪಿಂದರ್ ಸಿಂಗ್ ನುಡಿಸಿದ ಗಿಟಾರನ್ನು ಇಂದಿಗೂ ಹೊಸಬರು ಅನುಕರಿಸಲು ಹೊರಡುತ್ತಾರೆ. ದಕ್ಷಿಣದಲ್ಲಿ ಇಳಯರಾಜಾ ಗಿಟಾರ್ ವಾದಕರಾಗಿಯೇ ವೃತ್ತಿಗೆ ಬಂದವರು. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಕನ್ನಡದ ಜಿ.ಕೆ. ವೆಂಕಟೇಶ್ ಅವರ ಬಳಿ ವಾದಕರಾಗಿ, ಸಹಾಯಕರಾಗಿ ಪಳಗಿದರು.

ಮಡಿಲಲ್ಲಿ ಮಲಗಿಸಿಕೊಂಡು ಲೋಹದ ಸಲಾಕೆಯಿಂದ ತಂತಿ ಜಾರಿಸುವ ಹಿಂದೂಸ್ತಾನಿ ಗಿಟಾರ್, ಅಂದರೆ ಬ್ರಿಜಭೂಷಣ ಕಾಬ್ರಾ, ವಿಶ್ವಮೋಹನ ಭಟ್ಟರ ಪರಂಪರೆ, ಬೇರೆಯೇ ವಿದ್ಯೆ. ಅದರ ಆರಂಭ ರಾಗದಿಂದ. ಇಲ್ಲಿ ಹೇಳುತ್ತಿರುವುದರ ಆರಂಭ ಕಾರ್ಡ್‌ನಿಂದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನಿಂದ.

ವಾದ್ಯದ ಆಯ್ಕೆ

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ 19ನೆಯ ಶತಮಾನದ ಸ್ಪೇನಿನ ಆಂಟೋನಿಯೊ ದೆ ಟೋರೆಸ್ ರೂಪಿಸಿದ ಮಾದರಿ. ಉಕ್ಕಿನ ತಂತಿಯದು ಅಮೆರಿಕದ್ದು. ಜರ್ಮನಿಯಿಂದ 1833ರಲ್ಲಿ ನ್ಯೂಯಾರ್ಕಿಗೆ ಹೋದ ಸಿ.ಎಫ್. ಮಾರ್ಟಿನ್ ಕಟ್ಟಿದ ಕಂಪನಿ ಅದರ ಇತಿಹಾಸದ ದೊಡ್ಡ ಹೆಸರು. ನೈಲಾನ್ ತಂತಿ ಬೆರಳಿಗೆ ಮೃದು, ಆದರೆ ಅದರ ಕತ್ತು ಅಗಲ: ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿಯಾದ ನಟ್ ಬಳಿ ಸುಮಾರು 52 ಮಿ.ಮೀ., ಉಕ್ಕಿನದರಲ್ಲಿ 43ರ ಆಸುಪಾಸು. ಸಿನಿಮಾ ಹಾಡು, ಭಾವಗೀತೆ ಹಾಡಿಕೊಂಡು ನುಡಿಸಬೇಕೆನ್ನುವವರು ಬಹುಮಟ್ಟಿಗೆ ಉಕ್ಕಿನ ತಂತಿಯದನ್ನೇ ಕೊಳ್ಳುತ್ತಾರೆ. ಕ್ಲಾಸಿಕಲ್ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಕಟ್ಟಬಾರದು. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೊ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ಕ್ಲಾಸಿಕಲ್ ಗಿಟಾರಿನ ತೆಳು ಹಲಗೆ ಉಬ್ಬಿ, ತಂತಿ ಕಟ್ಟುವ ಬ್ರಿಜ್ ಕಿತ್ತು ಬರುತ್ತದೆ.

ಮೂರು ನಾಲ್ಕು ಸಾವಿರ ರೂಪಾಯಿಯ ದೇಶೀ ಗಿಟಾರುಗಳಲ್ಲಿ ಒಳ್ಳೆಯವೂ ಇವೆ, ಒಂದಕ್ಕೊಂದು ಹೋಲದವೂ ಇವೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದೇ ನೋಡಬೇಕು. ಹತ್ತು ಸಾವಿರದ ಆಸುಪಾಸಿನ ಯಮಾಹಾ ಎಫ್310 ಬಹಳ ಕಾಲದಿಂದ ಭಾರತದ ಆರಂಭಿಕರ ಕಾಯಂ ಆಯ್ಕೆ. ಈ ದರ್ಜೆಯ ವಾದ್ಯಗಳ ಮೇಲ್ಹಲಗೆ ಇಡಿಯ ಮರದ್ದಲ್ಲ, ಪದರ ಅಂಟಿಸಿದ್ದು. ಜಾಣರು ಮೂಗು ಮುರಿಯಬಹುದು. ಹೈದರಾಬಾದಿನ ಹವೆಗೆ ಅದೇ ವಾಸಿ.

ದುಬಾರಿ ಗಿಟಾರುಗಳ ಬೆನ್ನಿಗೆ, ಪಕ್ಕಗಳಿಗೆ ಬಳಸುವ ಮರ ಮಾತ್ರ ಮಲೆನಾಡಿನವರಿಗೆ ಚಿರಪರಿಚಿತ: ಬೀಟೆ. ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತು ತಡೆದ ಮೇಲೆ, 1969ರ ಹೊತ್ತಿಗೆ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. 2017ರ ಜನವರಿಯಿಂದ ಬೀಟೆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧಕ್ಕೆ ಒಳಪಟ್ಟಿತು. ಅದರಿಂದ ವಾದ್ಯ ತಯಾರಕರು ಬೇರೆ ಮರ ಹುಡುಕುವಂತಾಯಿತು; 2019ರ ನವೆಂಬರಿನಲ್ಲಿ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ತಂತಿಯ ಎತ್ತರ

ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ, ಅಂದರೆ ಫ್ರೆಟ್ಟುಗಳಿಂದ, ತಂತಿ ಎಷ್ಟು ಮೇಲಿದೆ ಎಂಬುದನ್ನು ವಾದಕರು ‘ಆಕ್ಷನ್’ ಎನ್ನುತ್ತಾರೆ. ಅದನ್ನು ಅಳೆಯುವುದು 12ನೆಯ ಫ್ರೆಟ್ಟಿನ ಮೇಲೆ. ಅಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು 2.4 ಮಿ.ಮೀ., ಸಣ್ಣ ತಂತಿಯ ಕೆಳಗೆ 1.8 ಮಿ.ಮೀ. ಸಂದಿದ್ದರೆ ಹೊಸಬರ ಬೆರಳಿಗೆ ಹಿತ. ಅಂಗಡಿಗೆ ಅಳತೆಪಟ್ಟಿ ಒಯ್ಯಬೇಕಿಲ್ಲ. ಒಂದು ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಉಬ್ಬಕ್ಷರವಿಲ್ಲದ ಮೂರು ಕಾರ್ಡು ಜೋಡಿಸಿ ದಪ್ಪ ತಂತಿಯಡಿ ತೂರಿಸಿದರೆ ತಂತಿಗೆ ತಾಗಿಯೂ ತಾಗದಂತೆ ಹೋಗಬೇಕು. ಐದು ಕಾರ್ಡು ಸಲೀಸಾಗಿ ಹಿಡಿಸಿದರೆ ಆ ಗಿಟಾರ್ ಈಗಿರುವ ಸ್ಥಿತಿಯಲ್ಲಿ ಕಲಿಯುವವರಿಗಲ್ಲ.

ಎತ್ತರ ಹೆಚ್ಚಿದ್ದರೆ ನೋವು ಮಾತ್ರವಲ್ಲ, ಸ್ವರವೂ ಕೆಡುತ್ತದೆ. ತಂತಿಯನ್ನು ಅಷ್ಟು ದೂರ ಒತ್ತಿದಾಗ ಅದು ಬಿಗಿದು ಸ್ವರ ಏರುತ್ತದೆ. ಶ್ರುತಿ ಸರಿಯಾಗಿದ್ದೂ ಕಾರ್ಡ್ ಅಪಸ್ವರವಾಗಿ ಕೇಳಲು ಇದೂ ಒಂದು ಕಾರಣ.

ಮೊದಲ ಫ್ರೆಟ್ಟಿನ ಬಳಿ ಇನ್ನೊಂದು ತೊಡಕು ಅಡಗಿದೆ. ನಟ್ಟಿನ ಸೀಳುಗಳನ್ನು ಕಾರ್ಖಾನೆಯಲ್ಲಿ ಸಾಕಷ್ಟು ಆಳ ಕೊರೆಯದೆ ಬಿಟ್ಟಿದ್ದರೆ ಎಫ್ ಕಾರ್ಡ್ ಹಿಡಿಯುವುದು ಯಮಯಾತನೆ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಯನ್ನು ಒಮ್ಮೆಗೆ ಒತ್ತುವ ಈ ಬಾರ್ ಕಾರ್ಡ್‌ನಲ್ಲೇ ಅನೇಕರು ಕೈಚೆಲ್ಲುವುದು. ಪರೀಕ್ಷೆ ಸುಲಭ: ಅದೇ ಬೆರಳವಿನ್ಯಾಸವನ್ನು ಐದನೆಯ ಫ್ರೆಟ್ಟಿಗೆ ಒಯ್ದು ಹಿಡಿದು ನೋಡಬೇಕು. ಅಲ್ಲಿ ಆರು ತಂತಿಯೂ ಸ್ಪಷ್ಟವಾಗಿ ನುಡಿದು ಮೊದಲ ಫ್ರೆಟ್ಟಿನಲ್ಲಿ ಮಾತ್ರ ಮಂಕಾದರೆ ನಟ್ಟನ್ನು ಸಂದೇಹಿಸಬೇಕು. ನಟ್ ಕೊರೆಯುವುದು, ಬ್ರಿಜ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ಲಿನ ತಳ ಉಜ್ಜಿ ತಗ್ಗಿಸುವುದು, ಕತ್ತಿನೊಳಗಿನ ಟ್ರಸ್ ರಾಡ್ ತಿರುಗಿಸಿ ಬಾಗು ಸರಿಪಡಿಸುವುದು ಎಲ್ಲ ಸೇರಿ ‘ಸೆಟಪ್’ ಆಗುತ್ತದೆ. ಗಿಟಾರಿನ ಜೊತೆಗೆ ಚೀಲ, ಬೆಲ್ಟು, ಪುಸ್ತಕ ಉಚಿತವಾಗಿ ಕೇಳುವ ಗಿರಾಕಿ ಇವೆಲ್ಲ ಬಿಟ್ಟು ಸೆಟಪ್ ಒಂದನ್ನೇ ಕೇಳುವುದು ಲೇಸು.

ಶ್ರುತಿ

ದಪ್ಪ ತಂತಿಯಿಂದ ಕೆಳಗೆ ಬಂದರೆ ಇ, ಎ, ಡಿ, ಜಿ, ಬಿ, ಇ. ಅತಿ ದಪ್ಪದ್ದು ಸೆಕೆಂಡಿಗೆ ಸುಮಾರು 82 ಸಲ, ಅತಿ ಸಣ್ಣದು ಸುಮಾರು 330 ಸಲ ಕಂಪಿಸುತ್ತದೆ. ಎರಡೂ ‘ಇ’, ನಡುವೆ ಎರಡು ಸ್ಥಾಯಿ. ನಮ್ಮ ಸಂಗೀತದ ಲೆಕ್ಕದಲ್ಲಿ ಪ್ರತಿ ತಂತಿಗೂ ಮುಂದಿನ ತಂತಿಗೂ ಷಡ್ಜದಿಂದ ಶುದ್ಧ ಮಧ್ಯಮದಷ್ಟು ದೂರ; ಜಿ ಮತ್ತು ಬಿ ನಡುವೆ ಮಾತ್ರ ಷಡ್ಜದಿಂದ ಅಂತರ ಗಾಂಧಾರದಷ್ಟು. ಹಾಗಾಗಿ ಐದನೆಯ ಫ್ರೆಟ್ ಒತ್ತಿದರೆ ಮುಂದಿನ ತಂತಿಯ ಸ್ವರ ಸಿಗುತ್ತದೆ. ಜಿ ತಂತಿಯಲ್ಲಿ ನಾಲ್ಕನೆಯದು. ಮೊಬೈಲಿನ ಟ್ಯೂನರ್ ಇದ್ದರೂ ಈ ವಿಧಾನ ಕಲಿತಿರುವುದು ಕಿವಿಗೆ ಒಳ್ಳೆಯದು.

ಸಂಗೀತ ಕಲಿತವರ ಕಿವಿಗೆ ಇಲ್ಲೊಂದು ಪೇಚಿದೆ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಕಿವಿಯಿಂದ ಹೊಂದಿಸುತ್ತಾರೆ. ಗಿಟಾರಿನ ಫ್ರೆಟ್ಟುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಬಡಿದು ಕೂರಿಸಿದವು. ಅದರಿಂದ ಗಿಟಾರಿನ ಅಂತರ ಗಾಂಧಾರ ತಂಬೂರಿಯಲ್ಲಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರಿರುತ್ತದೆ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ ಇರುವುದೇ 100 ಸೆಂಟ್. ಜಿ ಕಾರ್ಡ್ ಇಂಪಾಗಲೆಂದು ಬಿ ತಂತಿಯನ್ನು ಇಳಿಸಿದರೆ ಇ ಕಾರ್ಡ್ ಹದಗೆಡುತ್ತದೆ. ಇದು ವಾದ್ಯದ ರಚನೆಯಲ್ಲೇ ಇರುವ ರಾಜಿ, ಒಪ್ಪಿಕೊಳ್ಳದೆ ದಾರಿಯಿಲ್ಲ.

ಮೊದಲ ತಿಂಗಳುಗಳು

ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದರೆ ಮೇಜರ್ ಕಾರ್ಡ್. ಗಾಂಧಾರ ಸಾಧಾರಣವಾದರೆ ಮೈನರ್. ಎರಡೇ ಬೆರಳಿನ ಇ ಮೈನರ್‌ನಿಂದ ಆರಂಭಿಸಿ ಎ ಮೈನರ್, ಸಿ, ಜಿ, ಡಿ ಹಿಡಿಯಲು ಬಂದರೆ ಲೆಕ್ಕವಿಲ್ಲದಷ್ಟು ಹಿಂದಿ, ತೆಲುಗು, ಕನ್ನಡ ಹಾಡುಗಳಿಗೆ ಹಿಮ್ಮೇಳ ಸಾಧ್ಯ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿದ ಮೈಸೂರಿನ ರಘು ದೀಕ್ಷಿತ್ ಕನ್ನಡದ ಹೊಸಬರಿಗೆ ಹತ್ತಿರದ ಮಾದರಿ.

ಬೆರಳ ತುದಿಯನ್ನು ಫ್ರೆಟ್ಟಿನ ಮೇಲಲ್ಲ, ಅದರ ಹಿಂಬದಿಗೆ ಅಂಟಿದಂತೆ ಇಡಬೇಕು. ಅಲ್ಲಿ ಕಡಿಮೆ ಬಲ ಸಾಕು. ಎಡಗೈ ಉಗುರು ಕತ್ತರಿಸಿರಬೇಕು. ತುದಿಗಳು ಮೊದಲ ಕೆಲವು ವಾರ ಉರಿದು, ಆಮೇಲೆ ಜಡ್ಡುಗಟ್ಟುತ್ತವೆ. ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು. ಮಣಿಕಟ್ಟು ನೋಯುವುದು ಬೇರೆ ಮಾತು: ಹಾಗಾದರೆ ಕೂರುವ, ಹಿಡಿಯುವ ರೀತಿ ತಪ್ಪಿದೆ.

ಹೊಸಬರು ಎಡಗೈಯನ್ನೇ ನೋಡುತ್ತ ಕೂರುತ್ತಾರೆ, ಹಾಡನ್ನು ಹೊರುವುದು ಬಲಗೈ. ಕಾರ್ಡ್ ಬದಲಿಸುವಾಗ ಬಲಗೈ ತಡೆದು ನಿಲ್ಲುವುದು ಸರ್ವೇಸಾಮಾನ್ಯ ದೋಷ. ಕಾರ್ಡ್ ಅರ್ಧವೇ ಬಿದ್ದರೂ ಚಿಂತೆಯಿಲ್ಲ, ಲಯ ಮುರಿಯಬಾರದು. ಆದಿತಾಳದ ಎಂಟಕ್ಷರ, ಕಹರವಾದ ಎಂಟು ಮಾತ್ರೆ ಬಲ್ಲವರು ಅದೇ ಎಣಿಕೆಯಲ್ಲಿ ಕೈಯನ್ನು ಕೆಳಗೆ ಮೇಲೆ ಆಡಿಸುತ್ತ ಬೇಕಾದ ಮಾತ್ರೆಗೆ ಮಾತ್ರ ತಂತಿ ತಾಗಿಸಿದರೆ ಸ್ಟ್ರಮ್ಮಿಂಗ್ ಬಂದಂತೆ. ಆರು ಮಾತ್ರೆಯ ದಾದ್ರಾ ಹಾಡುಗಳಿಗೆ ಆರರ ಎಣಿಕೆ. ಎರಡು ಕಾರ್ಡುಗಳ ನಡುವೆ ಒಂದು ನಿಮಿಷದಲ್ಲಿ ಎಷ್ಟು ಬದಲಾವಣೆ ಆಯಿತೆಂದು ಎಣಿಸುವ ಅಭ್ಯಾಸವನ್ನು ಜನಪ್ರಿಯಗೊಳಿಸಿದ್ದು ಇಂಟರ್ನೆಟ್ಟಿನಲ್ಲಿ ಕಲಿಸುವ ಜಸ್ಟಿನ್ ಸ್ಯಾಂಡರ್ಕೋ.

ರಾಗಜ್ಞಾನವಿದ್ದವರಿಗೆ ಇನ್ನೂ ಒಂದು ಅನುಕೂಲ. ಐದನೆಯ ಫ್ರೆಟ್ಟಿನಿಂದ ಎಲ್ಲರಿಗೂ ಮೊದಲು ಕಲಿಸುವ ಮೈನರ್ ಪೆಂಟಟಾನಿಕ್‌ನ ಸ್ವರಗಳು ಶುದ್ಧ ಧನ್ಯಾಸಿಯವು. ಮೇಜರ್ ಪೆಂಟಟಾನಿಕ್‌ನವು ಮೋಹನದವು. ಗಮಕ ಬೇಕೆಂದರೆ ವೀಣೆಯಂತೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು, ಆದರೆ ಗಿಟಾರಿನ ಬಿಗಿ ತಂತಿ ಅಷ್ಟು ಒಲಿಯುವುದಿಲ್ಲ.

ಹಾಡುವವರ ಶ್ರುತಿ ಗಿಟಾರಿನ ಸುಲಭ ಕಾರ್ಡುಗಳಿಗೆ ಒಗ್ಗದಿದ್ದರೆ, ಕತ್ತಿಗೆ ಬಿಗಿದು ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಯಾಪೊ ಎಂಬ ಹಿಡಿಕೆ ಬಳಸುತ್ತಾರೆ. ಹಾರ್ಮೋನಿಯಂ ಮಾತಿನಲ್ಲಿ ಕಪ್ಪು ಒಂದರ ಶ್ರುತಿಯವರಿಗೆ ಮೊದಲ ಫ್ರೆಟ್ಟಿಗೆ ಕ್ಯಾಪೊ ಬಿಗಿದು ಸಿ ಕಾರ್ಡ್ ಹಿಡಿದರಾಯಿತು. ಕಪ್ಪು ಎರಡಕ್ಕೆ ಅದೇ ಕ್ಯಾಪೊ, ಡಿ ಕಾರ್ಡ್. ಬಿಳಿ ಐದರಲ್ಲಿ ಹಾಡುವವರಿಗೆ ಕ್ಯಾಪೊ ಬೇಡ, ಜಿ ಕಾರ್ಡ್ ಸಿದ್ಧವಾಗಿಯೇ ಇದೆ.

ಪಾಠ, ವೇದಿಕೆ

ನಗರದಲ್ಲಿ ಗಿಟಾರ್ ಪಾಠ ನಡೆಯುವುದು ಬಹುತೇಕ ಖಾಸಗಿ ತರಗತಿಗಳಲ್ಲಿ, ಮನೆಪಾಠಗಳಲ್ಲಿ. ಮಾತು ಇಂಗ್ಲಿಷ್, ತೆಲುಗು, ಹಿಂದಿ ಬೆರೆತದ್ದು. ಲಂಡನ್ನಿನ ಟ್ರಿನಿಟಿ ಕಾಲೇಜು, ರಾಕ್‌ಸ್ಕೂಲ್ ಸಂಸ್ಥೆಗಳ ಎಂಟು ದರ್ಜೆಯ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವವರಿದ್ದಾರೆ. ಪರೀಕ್ಷೆಯ ಶಿಸ್ತು ಕೆಲವರಿಗೆ ಒಗ್ಗುತ್ತದೆ. ಹಾಡಿಕೊಳ್ಳಲು ಕಲಿಯುವ ದೊಡ್ಡವರಿಗೆ ಅದರ ಅಗತ್ಯ ಕಾಣುವುದಿಲ್ಲ. ಮೊದಲ ಕೆಲವು ಪಾಠಗಳನ್ನಾದರೂ ಎದುರು ಕೂತು ಕಲಿಯುವುದು ವಾಸಿ, ಏಕೆಂದರೆ ಮಣಿಕಟ್ಟಿನ ಕೋನವನ್ನು ವಿಡಿಯೊ ತಿದ್ದಲಾರದು. ಬಂಜಾರಾ ಹಿಲ್ಸ್‌ನಲ್ಲಿ 2010ರಲ್ಲಿ ಆರಂಭವಾದ ಲಾಮಕಾನ್‌ನಂಥ ತೆರೆದ ಸಾಂಸ್ಕೃತಿಕ ತಾಣಗಳಲ್ಲಿ ಹೊಸಬರ ಸಂಗೀತಕ್ಕೂ ಜಾಗವಿದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಇಲ್ಲಿನ ಕನ್ನಡಿಗರು ಸೇರುವ ಹಳೆಯ ನೆಲೆ.

ಹವೆ ಮತ್ತು ಆರೈಕೆ

ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇ 45ರಿಂದ 55. ಹೈದರಾಬಾದಿನ ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ತೇವ ಇದರ ಅರ್ಧಕ್ಕೂ ಇಳಿಯುವುದುಂಟು. ಆಗ ಫ್ರೆಟ್ಟುಗಳನ್ನು ಕೂರಿಸಿದ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ಲೋಹದ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಗೆ ತರಚುತ್ತವೆ. ಇಡಿಯ ಮರದ ಮೇಲ್ಹಲಗೆ ಬಿರಿಯಲೂಬಹುದು. ಪದರ ಹಲಗೆಯ ವಾದ್ಯ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಜೂನ್ ನಂತರ ಮಳೆಯ ತೇವಕ್ಕೆ ಮರ ಉಬ್ಬಿ ಆಕ್ಷನ್ ಮತ್ತೆ ಏರುವುದರಿಂದ, ಬೇಸಗೆಯಲ್ಲಿ ಮಾಡಿಸಿದ ಸೆಟಪ್ಪನ್ನು ಮಳೆಗಾಲದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕಾದೀತು. ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಟ್ಟರೆ ಬ್ರಿಜ್ಜಿನ ಅಂಟು ಮೆತ್ತಗಾಗುತ್ತದೆ. ಮಂಗಳೂರಿನ ಕಡಲ ಗಾಳಿಯಲ್ಲಾಗುವಷ್ಟು ಬೇಗ ಇಲ್ಲಿ ತಂತಿಗೆ ತುಕ್ಕು ಹಿಡಿಯದು, ಆದರೂ ನುಡಿಸಿದ ಮೇಲೆ ಒಣಬಟ್ಟೆಯಿಂದ ಬೆವರು ಒರೆಸಬೇಕು. ದಿನವೂ ನುಡಿಸುವವರ ತಂತಿ ಎರಡು ಮೂರು ತಿಂಗಳಿಗೆ ಮಂಕಾಗುತ್ತದೆ. ಆಗ ಒಂದನ್ನಷ್ಟೇ ಅಲ್ಲ, ಆರನ್ನೂ ಬದಲಿಸುವುದು ವಾಡಿಕೆ.