ಹಂಪೆಯ ಕಲ್ಲುಕಂಬದ ಸೇತುವೆ

ಹಂಪೆಯ ವಿಠ್ಠಲ ದೇವಾಲಯದ ಸಮೀಪ, ಪುರಂದರದಾಸರ ಮಂಟಪಕ್ಕೆ ಅನತಿದೂರದಲ್ಲಿ, ತುಂಗಭದ್ರೆಯ ಪಾತ್ರದಲ್ಲಿ ವಿಜಯನಗರ ಕಾಲದ ಸೇತುವೆಯೊಂದರ ಅವಶೇಷಗಳಿವೆ. ರಾಜಧಾನಿಯಿದ್ದ ದಕ್ಷಿಣ ದಡದಿಂದ ಉತ್ತರದ ಆನೆಗೊಂದಿ ಸೀಮೆಗೆ ದಾಟಲು ಕಟ್ಟಿದ ಈ ಸೇತುವೆಯಲ್ಲಿ ಇಂದು ಉಳಿದಿರುವುದು ಸಾಲುಸಾಲಾಗಿ ನಿಂತ ಕಣಶಿಲೆಯ ಕಂಬಗಳು ಮಾತ್ರ. ಮೇಲಿನ ಹಾಸು ಎಂದೋ ಕಣ್ಮರೆಯಾಗಿದೆ.

ಸೇತುವೆಗೆ ಕಮಾನುಗಳಿಲ್ಲದಿರುವುದು ಗಮನಾರ್ಹ. ವಿಜಯನಗರದ ಶಿಲ್ಪಿಗಳಿಗೆ ಕಮಾನು ಅಪರಿಚಿತವಾಗಿರಲಿಲ್ಲ. ಕಮಲ ಮಹಲು, ಹನ್ನೊಂದು ಕೋಣೆಗಳ ಗಜಶಾಲೆ, ರಾಣಿಯರ ಸ್ನಾನಗೃಹ ಇವೆಲ್ಲವುಗಳಲ್ಲಿ ಇಟ್ಟಿಗೆ-ಗಾರೆಗಳ ಕೆಲಸವೂ ಕಮಾನುಗಳೂ ಇವೆ. ಆದರೆ ನದಿಯಲ್ಲಿ ಅವರು ನಂಬಿದ್ದು ದೇವಾಲಯ ಮಂಟಪಗಳ ವಿಧಾನವನ್ನೇ: ಕಂಬ ನಿಲ್ಲಿಸುವುದು, ಅದರ ಮೇಲೆ ತೊಲೆ ಹೊರಿಸುವುದು. ಬಂಡೆಗಳೇ ತುಂಬಿದ ನದೀತಳ, ಕೈಗೆಟಕುವಷ್ಟು ಹತ್ತಿರದಲ್ಲಿ ಕಲ್ಲು, ಮಳೆಗಾಲದ ರಭಸ ಇವನ್ನು ನೋಡಿದರೆ ಆ ಆಯ್ಕೆ ವಿವೇಕದ್ದೇ ಎನ್ನಬೇಕು. ತೆಳುವಾದ ಕಂಬಗಳ ನಡುವೆ ಪ್ರವಾಹ ಸರಾಗವಾಗಿ ಹರಿದುಹೋಗುತ್ತದೆ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಜನರು ಹೊಳೆ ದಾಟುತ್ತಿದ್ದುದು ಹರಗೋಲಿನಲ್ಲಿ ಎಂದು ಬರೆದಿದ್ದಾನೆ. ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿನ ಆ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕೂರಬಹುದಾಗಿತ್ತು; ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಹರಗೋಲು ಇಂದಿಗೂ ಇಲ್ಲಿ ಅಪರೂಪವಲ್ಲ.

ಹೊಳೆ ದಾಟುವ ಸಮಸ್ಯೆ ನಮ್ಮ ಕಾಲದಲ್ಲಿ ವಿವಾದವಾಗಿ ಬೆಳೆಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪೆಯನ್ನು ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಆನೆಗೊಂದಿಯ ಬಳಿ ವಾಹನಗಳಿಗಾಗಿ ಕಟ್ಟುತ್ತಿದ್ದ ಸೇತುವೆ ಹಾಗೂ ವಿರೂಪಾಪುರಗಡ್ಡೆಯ ತೂಗುಸೇತುವೆ ಅದಕ್ಕೆ ಮುಖ್ಯ ಕಾರಣಗಳಾಗಿದ್ದವು. 2006ರಲ್ಲಿ ಹಂಪೆ ಆ ಪಟ್ಟಿಯಿಂದ ಹೊರಬಂದಿತು. ಆದರೆ ಆನೆಗೊಂದಿ ಸೇತುವೆ ಪೂರ್ಣಗೊಳ್ಳುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಪ್ರಾಣಹಾನಿಯಾಯಿತು. ಸ್ಮಾರಕಗಳ ಘನತೆಯ ಚರ್ಚೆಯಲ್ಲಿ ಈ ಸಾವುಗಳೂ, ಆಸ್ಪತ್ರೆಗೆ ಶಾಲೆಗೆ ಹೊಳೆ ದಾಟಬೇಕಾದ ಹಳ್ಳಿಗರ ಪಾಡೂ ಹಿಂದೆ ಸರಿದುಬಿಡುತ್ತವೆ.

ಕಂಬಗಳಿಗೆ ನಿಜವಾದ ಪರೀಕ್ಷೆ ಮುಂಗಾರಿನದು. ಮೇಲ್ಭಾಗದಲ್ಲಿ, ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯದ ತೂಬುಗಳನ್ನು ತೆರೆದಾಗ ಪುರಂದರ ಮಂಟಪದೊಂದಿಗೆ ಇವೂ ನೀರಿಗೆ ಸಿಲುಕುತ್ತವೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೆಳಭಾಗದ ಕಂಪ್ಲಿ-ಗಂಗಾವತಿ ಸೇತುವೆ ಕೂಡ ಮುಳುಗಿತ್ತು. ಕಂಬಗಳನ್ನು ನೋಡಬಯಸುವವರು ನೀರು ಇಳಿದಿರುವ ಬೇಸಿಗೆಯಲ್ಲಿ ವಿಠ್ಠಲ ದೇವಾಲಯದ ಕಡೆಯಿಂದ ನದೀತೀರಕ್ಕೆ ಇಳಿಯುವುದು ಒಳಿತು.