ಸುದ್ದಿಗಾರ, ಸರ್ಕಾರ ಮತ್ತು ಕನ್ನಡದ ರಾಜಕೀಯ ಥ್ರಿಲ್ಲರ್

ಅಧಿಕಾರಸ್ಥರು ಮುಚ್ಚಿಟ್ಟದ್ದನ್ನು ಪತ್ರಕರ್ತನೊಬ್ಬ ಬಯಲಿಗೆಳೆಯಲು ಹೊರಡುತ್ತಾನೆ. ಅವನನ್ನು ತಡೆಯಲು ದುಡ್ಡು, ಬೆದರಿಕೆ, ಪೊಲೀಸು ಎಲ್ಲ ಒಂದಾಗುತ್ತವೆ. ರಾಜಕೀಯ ಥ್ರಿಲ್ಲರಿನ ತಿರುಳು ಇದು. ವಿಡಂಬನೆ ಬೆರೆತರೆ ಅದರ ಪೆಟ್ಟು ಇನ್ನೂ ಜೋರು. ಕನ್ನಡದಲ್ಲಿ ಈ ಬಗೆಯ ಕಥನ ಬಲಿತದ್ದು 1980ರ ದಶಕದಲ್ಲಿ.

ಸಾರಥಿಯ ಪ್ರಶ್ನೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಿಗೆ ದೊರೆಯನ್ನು ಪ್ರಶ್ನಿಸುವ ಪಾತ್ರ ಹೊಸದಲ್ಲ. ದೊಡ್ಡಾಟದಲ್ಲಿ ರಾಜ ಕುಣಿಯುತ್ತ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಲ್ಲುತ್ತಾನೆ. ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು? ಕಿರೀಟ ಹೊತ್ತವನು ಉತ್ತರ ಕೊಟ್ಟ ಮೇಲೆಯೇ ಆಟ ಮುಂದೆ ಸಾಗುವುದು. ಸುದ್ದಿಗಾರನ ಕೆಲಸವೂ ಇದೇ ಅಲ್ಲವೇ?

ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಅವರು ಭಂಡಾರಿಯಾಗಿದ್ದ ಅರಸ ಬಿಜ್ಜಳನ ಆಸ್ಥಾನದ ಒಳಸಂಚುಗಳು ಕನ್ನಡ ನಾಟಕಕಾರರನ್ನು ಮತ್ತೆ ಮತ್ತೆ ಸೆಳೆದಿವೆ. ಪಿ. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ಹುಟ್ಟಿದ್ದು ಅಲ್ಲಿಂದಲೇ. ಬಿಜ್ಜಳನ ಅಧಿಕಾರವನ್ನು ನಾಟಕದಲ್ಲಿ ಬಗೆದು ನೋಡಿದ ಲಂಕೇಶರು ಮುಂದೆ ವಿಧಾನಸೌಧದತ್ತ ತಿರುಗಿದರು.

ಲಂಕೇಶ್ ಪತ್ರಿಕೆಯ ಕಾಲ

1980ರ ಜುಲೈನಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಯಿತು. ಅದೇ ತಿಂಗಳು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಜಾಹೀರಾತಿನ ಹಂಗಿಲ್ಲದ ಆ ವಾರಪತ್ರಿಕೆ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರನ್ನು ‘ಗುಂ’ ಎಂದು ಕರೆದು ವಾರವಾರವೂ ಗೇಲಿ ಮಾಡಿತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಸೋಲಿಗೆ ಕಾರಣಗಳು ಹಲವು. ಆದರೆ ಪತ್ರಿಕೆಯ ಪಾಲು ಸಣ್ಣದಲ್ಲ.

ರಂಗದ ಮೇಲೂ ಅದೇ ಗಾಳಿ. ಕಲಾಗಂಗೋತ್ರಿ ತಂಡ 1980ರಲ್ಲಿ ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ ‘ಮುಖ್ಯಮಂತ್ರಿ’ ನಾಟಕ ಕಟ್ಟಿತು. ಕುರ್ಚಿ ಉಳಿಸಿಕೊಳ್ಳಲು ಮುಖ್ಯಮಂತ್ರಿ ಹೂಡುವ ಹೂಟಗಳೇ ಅದರ ಕಥೆ. ನೂರಾರು ಪ್ರದರ್ಶನ ಕಂಡ ಆ ನಾಟಕದ ಹೆಸರು ನಟ ಚಂದ್ರು ಅವರ ಹೆಸರಿಗೇ ಅಂಟಿಕೊಂಡಿತು.

‘ಆಕ್ಸಿಡೆಂಟ್’

ಕನ್ನಡ ಸಿನಿಮಾದಲ್ಲಿ ಈ ಪ್ರಕಾರದ ಉತ್ತಮ ಕೃತಿ ಯಾವುದೆಂದರೆ ಶಂಕರ್ ನಾಗ್ ನಿರ್ದೇಶನದ ‘ಆಕ್ಸಿಡೆಂಟ್’ (1985) ಎಂದೇ ನನ್ನ ಉತ್ತರ. ರಾಜಕಾರಣಿ ಧರ್ಮಾಧಿಕಾರಿಯ ಮಗ ಅಮಲಿನಲ್ಲಿ ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ ಬಡವರನ್ನು ಕೊಲ್ಲುತ್ತಾನೆ. ಅಪ್ಪನಾಗಿ ಅನಂತ್ ನಾಗ್. ಬೆನ್ನುಹತ್ತುವ ಪತ್ರಕರ್ತನಾಗಿ ಸ್ವತಃ ಶಂಕರ್. ಬದುಕುಳಿದ ಸಾಕ್ಷಿಯಾಗಿ ರಮೇಶ್ ಭಟ್. ಇಲ್ಲಿ ಪತ್ರಕರ್ತ ಹತ್ತು ಜನರನ್ನು ಹೊಡೆದುರುಳಿಸುವ ನಾಯಕನಲ್ಲ. ಅವನ ಕೈಯಲ್ಲಿರುವುದು ಪ್ರಶ್ನೆಗಳು ಮಾತ್ರ. ಚಿತ್ರದ ಬಲ ಅಲ್ಲಿದೆ. ಇದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹಿಂದಿಯ ‘ಜಾನೆ ಭಿ ದೋ ಯಾರೋ’ (1983) ಇಂಥದೇ ವಸ್ತುವನ್ನು ನಗಿಸುತ್ತ ಹೇಳಿತ್ತು: ಇಬ್ಬರು ಫೋಟೋಗ್ರಾಫರುಗಳು, ಒಬ್ಬ ಬಿಲ್ಡರ್, ಕೊಲೆಯಾದ ಪಾಲಿಕೆ ಆಯುಕ್ತ.

ನಿಜವೇ ಥ್ರಿಲ್ಲರ್ ಆದಾಗ

1988ರ ಆಗಸ್ಟಿನಲ್ಲಿ, ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಲಾಯಿತು. ಆ ವಜಾ, ರಾಜ್ಯ ಸರ್ಕಾರಗಳನ್ನು ವಜಾ ಮಾಡುವ ಅಧಿಕಾರದ ಕುರಿತ ಸುಪ್ರೀಂ ಕೋರ್ಟಿನ 1994ರ ಪ್ರಸಿದ್ಧ ತೀರ್ಪಿಗೆ ದಾರಿಯಾಯಿತು.

ಈ ಸೀಮೆಯ ಕಥೆ

ಇಷ್ಟೆಲ್ಲ ಕಥೆಗಳ ಊರು ಹೆಚ್ಚಾಗಿ ರಾಜಧಾನಿಯೇ. ಆದರೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಎದ್ದದ್ದು ಆಗಿನ ಬಾಗೇವಾಡಿ ತಾಲೂಕಿನಲ್ಲಿ. ಅದರ ಎತ್ತರ 519.6 ಮೀಟರೋ 524.256 ಮೀಟರೋ ಎಂಬುದು ದಶಕಗಳ ಅಂತರರಾಜ್ಯ ರಾಜಕೀಯ. ಹಿನ್ನೀರಿನಲ್ಲಿ ಊರು ಕಳೆದುಕೊಂಡವರು, ಪರಿಹಾರಕ್ಕಾಗಿ ಕಚೇರಿಗೆ ಅಲೆದವರು, ಬರಗಾಲದಲ್ಲಿ ಇಂಡಿ, ಸಿಂದಗಿಗಳಿಂದ ಗುಳೆ ಹೋದವರು ಇಲ್ಲಿದ್ದಾರೆ. ಕಡತ, ಗುತ್ತಿಗೆ, ಚುನಾವಣೆಗಳ ಒಳಸುಳಿ ಬಲ್ಲ ತಾಲೂಕು ವರದಿಗಾರರೂ ಇದ್ದಾರೆ. ಕನ್ನಡದ ಮುಂದಿನ ರಾಜಕೀಯ ಥ್ರಿಲ್ಲರನ್ನು ಅವರಲ್ಲೊಬ್ಬರು ಬರೆಯಲಿ, ಇಲ್ಲಿನ ಮಾತಿನಲ್ಲೇ ಬರೆಯಲಿ.