ಮೂರು ದಿನ ತಡವಾಗಿ ಬರುವ ಮಿಡ್‌ಸಮ್ಮರ್

ಸ್ವೀಡನ್ನಿಗೆ ಆನ್‌ಸೈಟ್ ಅಂತ ಬಂದು ಎರಡು ವರ್ಷ ಆಯ್ತು. ಮೊದಲ ವರ್ಷ ಜೂನ್ ಮೂರನೇ ವಾರದಲ್ಲಿ ಆಫೀಸಿಗೆ ಹೋದರೆ ಕಾರಿಡಾರೆಲ್ಲ ಖಾಲಿ ಖಾಲಿ. ಯಾಕೆ ಅಂತ ಕೇಳಿದ್ರೆ "ಮಿಡ್‌ಸಮ್ಮರ್" ಅಂದರು. ಅಂದರೆ ನಡುಬೇಸಿಗೆ. ನಮಗೆ ನಡುಬೇಸಿಗೆ ಅಂದ್ರೆ ಏಪ್ರಿಲ್-ಮೇ, ಮಾವಿನಹಣ್ಣು, ಕರೆಂಟ್ ಹೋದಾಗ ಬೀಸಣಿಗೆ. ಜೂನ್ ಕೊನೆಗೆ ನಾವು ಅಟ್ಟದ ಮೇಲಿನ ಛತ್ರಿ ಹುಡುಕ್ತಾ ಇರ್ತೀವಿ!

ಟೀಮಿನ ಹಿರಿಯರೊಬ್ಬರು ತಮ್ಮ ಕೆರೆ ದಂಡೆಯ ಮನೆಗೆ ಹಬ್ಬಕ್ಕೆ ಕರೆದರು. ಹುಲ್ಲಿನ ಮೇಲೆ ಎತ್ತರದ ಕಂಬ, ಅದಕ್ಕೆ ಎಲೆ-ಹೂ ಸುತ್ತಿದ್ದಾರೆ, ಸುತ್ತ ಮಕ್ಕಳು ಮುದುಕರು ಎಲ್ಲ ಕಪ್ಪೆ ಥರ ಕುಪ್ಪಳಿಸ್ತಾ ಹಾಡ್ತಿದ್ದಾರೆ. ಊಟಕ್ಕೆ ಉಪ್ಪಿನಕಾಯಿಯಂತೆ ಹುಳಿ ಹಾಕಿದ ಮೀನು. ನನ್ನಂಥ ಸಸ್ಯಾಹಾರಿಗೆ ಹೊಸ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಸ್ಟ್ರಾಬೆರಿ. ಪರವಾಗಿಲ್ಲ, ಹೊಟ್ಟೆ ತುಂಬಿತು.

ಹೊಟ್ಟೆ ತುಂಬಿದ ಮೇಲೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಯಾವತ್ತೋ ಬಂದಿದ್ದ ಒಂದು ಫಾರ್ವರ್ಡ್ ನೆನಪಾಗಿ ಭಾಷಣ ಶುರು ಮಾಡಿದೆ. "ಇದು ಐದು ಸಾವಿರ ವರ್ಷ ಹಳೆಯ ಸೂರ್ಯಾರಾಧನೆ. ಚರ್ಚ್ ಬಂದು ಇದಕ್ಕೆ ಸಂತ ಜಾನ್ ಹೆಸರು ಅಂಟಿಸಿ ಕದ್ದುಬಿಟ್ಟಿತು. ಮೂಲ ಹುಡುಕಿದರೆ ಇದು ನಮ್ಮ ದಕ್ಷಿಣಾಯನವೇ" ಅಂತ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಸೂರ್ಯ ತಿರುಗೋದು 21ಕ್ಕೆ. ಹಬ್ಬ ಹಿಂದಿನಿಂದಲೂ ಇದ್ದಿದ್ದು 24ಕ್ಕೆ. ಸೂರ್ಯನನ್ನೇ ಪೂಜಿಸೋರು ಮೂರು ದಿನ ಯಾಕೆ ತಡ ಮಾಡಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಜನರೆದುರು ಕಿವಿ ಕೆಂಪಾಯ್ತು. ಅವತ್ತಿನಿಂದ ಆ ಮೂರು ದಿನ ತಲೆಯಲ್ಲಿ ಪ್ರೊಡಕ್ಷನ್ ಬಗ್ ಥರ ಕೂತುಬಿಟ್ಟಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಲೇಖನ.

ಮೊದಲು ರೋಮನ್ನರು. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಹೊಸ ಕ್ಯಾಲೆಂಡರ್ ತಂದ. ಆ ಕ್ಯಾಲೆಂಡರಿನಲ್ಲಿ ಸೂರ್ಯ ಉತ್ತರದ ತುದಿ ಮುಟ್ಟುವ ದಿನವನ್ನು ಜೂನ್ 24 ಅಂತಲೂ, ದಕ್ಷಿಣದ ತುದಿ ಮುಟ್ಟುವ ದಿನವನ್ನು ಡಿಸೆಂಬರ್ 25 ಅಂತಲೂ ಲೆಕ್ಕ ಇಟ್ಟಿದ್ದರು. ಒಂದು 24, ಇನ್ನೊಂದು 25 ಯಾಕೆ? ಇಲ್ಲೇ ಮಜಾ ಇರೋದು. ರೋಮನ್ನರು ತಿಂಗಳ ಕೊನೆಯ ದಿನಗಳನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತಿದ್ದರು, ಒಂದನೇ ತಾರೀಖನ್ನೂ ಸೇರಿಸಿ. ಜನವರಿ 1ರಿಂದ ಹಿಂದಕ್ಕೆ ಎಂಟನೇ ದಿನ ಎಣಿಸಿ, ಡಿಸೆಂಬರ್ 25 ಬರುತ್ತೆ. ಜುಲೈ 1ರಿಂದ ಎಂಟನೇ ದಿನ ಎಣಿಸಿ, ಜೂನ್ 24 ಬರುತ್ತೆ, ಯಾಕಂದ್ರೆ ಜೂನ್‌ಗೆ ಮೂವತ್ತೇ ದಿನ. ಅವರ ಪಾಲಿಗೆ ಎರಡೂ ಒಂದೇ "ಎಂಟನೇ ದಿನ". ಅರೇ ಇಂಡೆಕ್ಸ್ ಸೊನ್ನೆಯಿಂದಲೋ ಒಂದರಿಂದಲೋ ಅಂತ ಜಗಳ ಆಡುವ ನಮ್ಮಂಥವರಿಗೆ ಇದು ತಕ್ಷಣ ಅರ್ಥ ಆಗುತ್ತೆ :)

ಆಮೇಲೆ ಚರ್ಚ್. ಜಾನ್‌ನ ತಾಯಿ ಎಲಿಜಬೆತ್ ಆರು ತಿಂಗಳ ಬಸುರಿಯಾಗಿದ್ದಾಗ ಮರಿಯಳಿಗೆ ದೇವದೂತ ಕಾಣಿಸಿಕೊಂಡ ಅಂತ ಲೂಕನ ಸುವಾರ್ತೆಯಲ್ಲಿದೆ. ಹಾಗಾಗಿ ಕ್ರಿಸ್ತ ಡಿಸೆಂಬರಿನ ಎಂಟನೇ ದಿನ ಹುಟ್ಟಿದರೆ, ಜಾನ್ ಆರು ತಿಂಗಳ ಮೊದಲು ಜೂನಿನ ಎಂಟನೇ ದಿನ ಹುಟ್ಟಿರಬೇಕು. ಕ್ರಿ.ಶ. 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನ್ ತನ್ನ ಪ್ರವಚನಗಳಲ್ಲಿ ಇದಕ್ಕೆ ಚೆಂದದ ಅರ್ಥ ಕೊಟ್ಟಿದ್ದಾನೆ. ಜಾನ್ ಹುಟ್ಟಿದ ದಿನದಿಂದ ಹಗಲು ಕುಗ್ಗುತ್ತಾ ಹೋಗುತ್ತದೆ, ಕ್ರಿಸ್ತ ಹುಟ್ಟಿದ ದಿನದಿಂದ ಹಿಗ್ಗುತ್ತಾ ಹೋಗುತ್ತದೆ ಅಂತ. ಅಂದರೆ ಚರ್ಚಿನವರು ಸೂರ್ಯನನ್ನು ಮರೆಮಾಚಲಿಲ್ಲ, ಎದುರಿಗೇ ಇಟ್ಟುಕೊಂಡು ಪಾಠ ಹೇಳಿದರು.

ಆದರೆ ಕ್ಯಾಲೆಂಡರಿನಲ್ಲೇ ಸಣ್ಣ ಬಗ್ ಇತ್ತು. ಸೀಸರನ ವರ್ಷ 365.25 ದಿನ, ನಿಜವಾದ ವರ್ಷ ಸುಮಾರು 365.2422. ಸುಮಾರು 128 ವರ್ಷಕ್ಕೆ ಒಂದು ದಿನ ಜಾರುತ್ತದೆ. 1500ರ ಹೊತ್ತಿಗೆ ಸೂರ್ಯ ತಿರುಗುತ್ತಿದ್ದದ್ದು ಅವರ ಕ್ಯಾಲೆಂಡರಿನ ಜೂನ್ 12ರ ಆಸುಪಾಸು. ಯುರೋಪಿನ ರೈತರು ಬೆಂಕಿ ಹಾಕಿ ಕುಣಿಯುತ್ತಿದ್ದದ್ದು ಮಾತ್ರ 24ಕ್ಕೇ! ಅಂದರೆ ಹನ್ನೆರಡು ದಿನ ತಡವಾಗಿ. ಅವರು ಆಕಾಶ ನೋಡಿ ದಿನ ಗೊತ್ತು ಮಾಡ್ತಾ ಇರಲಿಲ್ಲ, ಚರ್ಚಿನ ಗಂಟೆ ಕೇಳಿ ಬೆಂಕಿ ಹಾಕ್ತಿದ್ದರು.

1582ರಲ್ಲಿ ಪೋಪ್ ಗ್ರೆಗರಿ ಇದನ್ನು ಸರಿಪಡಿಸಿದರು. ಅಕ್ಟೋಬರ್ 4 ಆದ ಮಾರನೇ ದಿನವೇ 15. ಹತ್ತು ದಿನ ಮಾಯ! ಆದರೆ ಅವರು ಸೀಸರನ ಕಾಲದ ಸ್ಥಿತಿಗೆ ರಿಸ್ಟೋರ್ ಮಾಡಲಿಲ್ಲ. ಈಸ್ಟರ್ ಲೆಕ್ಕಕ್ಕೆ ಬೇಕಾಗಿದ್ದದ್ದು ಕ್ರಿ.ಶ. 325ರ ನೈಸಿಯಾ ಸಭೆಯ ಕಾಲದ ಸ್ಥಿತಿ. ಆ ಬ್ಯಾಕಪ್‌ಗೆ ಹೋದರು. ಸೀಸರನಿಂದ ನೈಸಿಯಾವರೆಗೆ ಜಾರಿದ್ದ ಮೂರು ದಿನ ಹಾಗೇ ಉಳಿದುಕೊಂಡಿತು. ಅದೇ ನನ್ನ ಮೂರು ದಿನ. ಸಿಕ್ಕಿತು!

ಹಾಗಾದರೆ ಚರ್ಚಿನಾಚೆಯ ಹಳೆಯದು ಏನೂ ಇರಲಿಲ್ಲವೇ? ಇತ್ತು. ಏಳನೇ ಶತಮಾನದಲ್ಲಿ ಈಗಿನ ಫ್ರಾನ್ಸಿನ ನೋಯೋಂ ಊರಿನ ಬಿಷಪ್ ಆಗಿದ್ದ ಎಲಿಜಿಯಸ್, ಸಂತ ಜಾನ್ ಹಬ್ಬದ ದಿನ ಕುಣಿಯುವುದು, ಹಾರುವುದು, ಹಾಡುವುದು ಬೇಡ ಅಂತ ಜನರನ್ನು ಬೈದದ್ದು ದಾಖಲಾಗಿದೆ. ಜನ ಮಾಡದಿದ್ದರೆ ಬೈಯುವ ಅಗತ್ಯವೇನಿತ್ತು? ಹನ್ನೆರಡನೇ ಶತಮಾನದ ಪ್ಯಾರಿಸ್ ಪಂಡಿತ ಜೀನ್ ಬೆಲೆತ್ ಈ ಹಬ್ಬದ ಮೂರು ಆಚರಣೆ ಬರೆದಿಟ್ಟಿದ್ದಾನೆ. ಮೂಳೆ ಸುಡುವುದು, ಪಂಜು ಹಿಡಿದು ತಿರುಗುವುದು, ಚಕ್ರ ಉರುಳಿಸುವುದು. ಚಕ್ರ ಯಾಕಂದರೆ, ಸೂರ್ಯ ತುದಿ ಮುಟ್ಟಿ ಕೆಳಗಿಳಿಯುತ್ತಾನೆ ಅಂತ ತೋರಿಸಲಿಕ್ಕೆ. ಇಂಗ್ಲಿಷಿನ "ಬಾನ್‌ಫೈರ್" ಪದವೂ "ಬೋನ್ ಫೈರ್", ಅಂದರೆ ಮೂಳೆ ಬೆಂಕಿಯಿಂದಲೇ ಬಂದದ್ದು.

ಆದರೆ ಇವತ್ತು "ಪ್ರಾಚೀನ" ಅಂತ ತೋರಿಸುವ ಎಷ್ಟೋ ಸಂಗತಿ ಹಳೆಯದಲ್ಲ. ಸ್ವೀಡನ್ನಿನ ಹೂವಿನ ಕಂಬ ಮಧ್ಯಯುಗದ ಕೊನೆಗೆ ಜರ್ಮನಿ ಕಡೆಯಿಂದ ಬಂತು. ಆ ಕಪ್ಪೆ ಹಾಡಿನ ರಾಗ ಫ್ರೆಂಚ್ ಸೈನಿಕರ ಮೆರವಣಿಗೆ ಹಾಡಿನದು. ಶುಕ್ರವಾರದಂದೇ ಹಬ್ಬದ ಸಂಜೆ ಅನ್ನುವುದು 1953ರಿಂದ, ವಾರಾಂತ್ಯಕ್ಕೆ ಅನುಕೂಲ ಆಗಲಿ ಅಂತ ಸರ್ಕಾರ ಬದಲಾಯಿಸಿದ್ದು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಬಿಳಿ ನಿಲುವಂಗಿ ತೊಟ್ಟು ಸೂರ್ಯೋದಯಕ್ಕೆ ನಿಲ್ಲುವ ಡ್ರೂಯಿಡರ ಚಿತ್ರ ನೋಡಿರುತ್ತೀರಿ. ಆ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ, ಚರಿತ್ರೆಯಲ್ಲಿ ಡ್ರೂಯಿಡರ ಸುದ್ದಿ ಬರುವುದು ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಈಚೆಗೆ. ಇಬ್ಬರನ್ನೂ ಜೋಡಿಸಿ ಜನಪ್ರಿಯ ಮಾಡಿದ್ದು ವಿಲಿಯಂ ಸ್ಟಕ್ಲಿ, 1740ರ ಪುಸ್ತಕದಲ್ಲಿ. ಇವತ್ತಿನ ಪೇಗನ್ ಪಂಥಗಳವರು ಈ ಹಬ್ಬಕ್ಕೆ "ಲಿಥಾ" ಅನ್ನುತ್ತಾರೆ. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಅದನ್ನು ಬರೆದದ್ದು ತಿಂಗಳ ಹೆಸರಾಗಿ. ಹಬ್ಬದ ಹೆಸರಾಗಿ ಅದು ಶುರುವಾದದ್ದು 1970ರ ದಶಕದಲ್ಲಿ, ಅಮೆರಿಕದಲ್ಲಿ.

ಇಷ್ಟು ಓದಿದಾಗ ನನಗೆ ಒಳಗೊಳಗೇ ಖುಷಿ. "ನೋಡಿ, ಎಲ್ಲಾ ಬೊಗಳೆ!" ಅಂತ ಇನ್ನೊಂದು ಭಾಷಣಕ್ಕೆ ರೆಡಿ ಆಗಿದ್ದೆ. ಅದನ್ನು ತಪ್ಪಿಸಿದ್ದು ನಮ್ಮ ಟೀಮಿನ ಲಾಟ್ವಿಯಾದ ಗೆಳೆಯ.

ಬಾಲ್ಟಿಕ್ ಸಮುದ್ರದ ಆಚೆ ದಡದ ಲಾಟ್ವಿಯಾದಲ್ಲಿ ಈ ಹಬ್ಬದ ಹೆಸರು "ಯಾನಿ". ಜೂನ್ 23ರ ರಾತ್ರಿ ಮತ್ತು 24. ಗಂಡಸರ ತಲೆಗೆ ಓಕ್ ಎಲೆಯ ಕಿರೀಟ, ಹೆಂಗಸರಿಗೆ ಹೂವಿನದು. ಜೀರಿಗೆಯಂಥ ಕಾಳು ಹಾಕಿದ ಚೀಸ್, ಬಿಯರ್. ಸೂರ್ಯ ಹುಟ್ಟುವವರೆಗೆ ಬೆಂಕಿ ಆರಬಾರದು, ಯಾರೂ ಮಲಗಬಾರದು. "ಲೀಗೋ" ಅಂತ ಪಲ್ಲವಿ ಬರುವ ನೂರಾರು ಹಾಡು. ಜೋಡಿಗಳು ಜರೀಗಿಡದ ಹೂ ಹುಡುಕಲು ಕಾಡಿಗೆ ಹೋಗುತ್ತಾರೆ. ಜರೀಗಿಡ ಹೂ ಬಿಡಲ್ಲ ಅಂತ ಬಾಟನಿ ಓದಿದವರಿಗೆಲ್ಲ ಗೊತ್ತು, ಹೋಗೋರಿಗೂ ಗೊತ್ತು!

ಕ್ರಿಶ್ಯಾನಿಸ್ ಬರೋನ್ಸ್ ಎಂಬಾತ ಲಾಟ್ವಿಯಾದ ಜನಪದ ಹಾಡುಗಳನ್ನು ಜೀವನವಿಡೀ ಜೋಡಿಸಿ 1894ರಿಂದ 1915ರವರೆಗೆ ಅಚ್ಚು ಹಾಕಿಸಿದ. ಒಟ್ಟು 2,17,996 ಪದ್ಯ. ಚೀಟಿಗಳಲ್ಲಿ ಬರೆದು ಒಂದು ಬೀರುವಿನ ಖಾನೆಗಳಲ್ಲಿ ವಿಂಗಡಿಸಿಟ್ಟಿದ್ದ. ಕಂಪ್ಯೂಟರ್ ಇಲ್ಲದ ಕಾಲದ ಡೇಟಾಬೇಸ್ ಅನ್ನಿ. 2001ರಲ್ಲಿ ಯುನೆಸ್ಕೋ ಆ ಬೀರುವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ಆ ದೇಶ ಸೋವಿಯತ್ ಹಿಡಿತಕ್ಕೆ ಹೋಯಿತು. 1959ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದಲ್ಲಿ ಸ್ವಲ್ಪ ಲಾಟ್ವಿಯಾ ಪರ ಮಾತಾಡುತ್ತಿದ್ದ ನಾಯಕರನ್ನು ಕಿತ್ತುಹಾಕಿದರು. ಆರ್ವಿಡ್ಸ್ ಪೆಲ್ಶೆ ಪಕ್ಷದ ಮುಖ್ಯಸ್ಥನಾದ. ಆಗ ಯಾನಿ ರಜೆಯೂ ಹೋಯಿತು, ಬಹಿರಂಗವಾಗಿ ಹಬ್ಬ ಮಾಡುವುದಕ್ಕೂ ಕಡಿವಾಣ ಬಿತ್ತು. ನನ್ನ ಗೆಳೆಯನ ಅಜ್ಜಿ ಆ ವರ್ಷಗಳಲ್ಲೂ ಚೀಸ್ ಮಾಡುತ್ತಿದ್ದರಂತೆ. ಕೇಳಿದವರಿಗೆ "ಯಜಮಾನರ ಹೆಸರು ಯಾನಿಸ್, ಅವರ ಹೆಸರಿನ ದಿನ, ಅದಕ್ಕೆ ನೆಂಟರು ಬಂದಿದ್ದಾರೆ" ಅನ್ನುತ್ತಿದ್ದರಂತೆ. ಹಾಡು ಮಾತ್ರ ಕಿಟಕಿ ಮುಚ್ಚಿಕೊಂಡು, ತಗ್ಗಿದ ದನಿಯಲ್ಲಿ. 1988ರಲ್ಲಿ ರಜೆ ಮರಳಿ ಬಂದಾಗ ಅಜ್ಜಿ ಇಡೀ ರಾತ್ರಿ ಬೆಂಕಿ ಹತ್ತಿರ ಕೂತು ಅತ್ತರಂತೆ. ಮೂರು ವರ್ಷಕ್ಕೆ, 1991ರಲ್ಲಿ, ಲಾಟ್ವಿಯಾ ಮತ್ತೆ ಸ್ವತಂತ್ರ ದೇಶವಾಯಿತು.

ಯಾನಿಸ್ ಅಂದರೆ ಜಾನ್. ತಮ್ಮ ಅತ್ಯಂತ ಪೇಗನ್ ಹಬ್ಬ ಅಂತ ಲಾಟ್ವಿಯಾದವರು ಹೇಳುವ ಹಬ್ಬದ ಹೆಸರೇ ಚರ್ಚಿನ ಸಂತನಿಂದ ಬಂದದ್ದು! ಇದನ್ನು ಗೆಳೆಯನಿಗೆ ಹೇಳಿದೆ. "ಗೊತ್ತು ಮಾರಾಯ, ಅದರಿಂದ ನಮ್ಮಜ್ಜಿಗೆ ಏನಾಗಬೇಕು?" ಅಂದ. ಎರಡನೇ ಭಾಷಣವನ್ನು ಅಲ್ಲೇ ನುಂಗಿಕೊಂಡೆ.

ಇದೇ ಜೂನ್ 24 ನಮ್ಮ ಪಕ್ಕದ ಗೋವಾಕ್ಕೂ ಬಂದಿದೆ, ಪೋರ್ಚುಗೀಸರ ಜೊತೆ. ಅಲ್ಲಿ "ಸಾಂವ್ ಜಾಂವ್". ಆದರೆ ಆ ಹೊತ್ತಿಗೆ ಕೊಂಕಣದಲ್ಲಿ ಜಡಿಮಳೆ, ಬೆಂಕಿ ಎಲ್ಲಿ ಹಾಕ್ತೀರಿ? ಹೂವು-ಎಲೆಯ ಕಿರೀಟ ಉಳಿಯಿತು, ಬೆಂಕಿಯ ಜಾಗಕ್ಕೆ ತುಂಬಿದ ಬಾವಿ ಬಂತು. ಜನ ಬಾವಿಗೆ ಹಾರುತ್ತಾರೆ, ತಾಯಿಯ ಹೊಟ್ಟೆಯಲ್ಲಿ ಜಾನ್ ಕುಣಿದದ್ದರ ನೆನಪಿಗೆ ಅಂತ. ಹೊಸ ಅಳಿಯಂದಿರಿಗೆ ವಿಶೇಷ ಉಪಚಾರ.

ನಮ್ಮಲ್ಲಿ ಈ ದಿನಕ್ಕೆ ದೊಡ್ಡ ಹಬ್ಬ ಯಾಕಿಲ್ಲ? ಲೆಕ್ಕ ಸುಲಭ. ಸ್ಟಾಕ್‌ಹೋಮ್‌ನಲ್ಲಿ ಜೂನ್ ಹಗಲು ಹದಿನೆಂಟೂವರೆ ಗಂಟೆ, ಡಿಸೆಂಬರ್ ಹಗಲು ಆರೇ ಗಂಟೆ. ಬೆಂಗಳೂರಿನಲ್ಲಿ ಎರಡಕ್ಕೂ ವ್ಯತ್ಯಾಸ ಒಂದೂವರೆ ಗಂಟೆ. ಸೂರ್ಯ ನಮ್ಮ ನೆತ್ತಿಗೆ ಬರುವುದೂ ಜೂನ್‌ನಲ್ಲಲ್ಲ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಊರಿನವರಿಗೆ ಬೆಳಕಿನ ಹಸಿವು ಏನಂತ ಇಲ್ಲಿ ಎರಡು ಚಳಿಗಾಲ ಕಳೆದ ಮೇಲೆ ನನಗೆ ಗೊತ್ತಾಗಿದೆ.

ಮೊನ್ನೆ 21ಕ್ಕೆ ಊರಿಗೆ ಫೋನ್ ಮಾಡಿ "ಅಪ್ಪಾ, ಇವತ್ತಿಂದ ದಕ್ಷಿಣಾಯನ" ಅಂದೆ. "ಏನೋ ಅದು, ಒಂಟಿಕೊಪ್ಪಲ್ ಪಂಚಾಂಗದಲ್ಲಿ ಜುಲೈ 16 ಅಂತಿದೆ" ಅಂದರು. ಭೂಮಿಯ ಅಕ್ಷ ಬುಗುರಿ ಥರ ಓಲಾಡುತ್ತೆ, ನಮ್ಮ ಪಂಚಾಂಗ ನಕ್ಷತ್ರ ನೋಡಿ ಲೆಕ್ಕ ಇಡುತ್ತೆ, ಸುಮಾರು 72 ವರ್ಷಕ್ಕೆ ಒಂದು ದಿನ ದೂರ ಹೋಗುತ್ತೆ, ಹಾಗಾಗಿ ನಾವು 25 ದಿನ ಹಿಂದಿದ್ದೀವಿ ಅಂತೆಲ್ಲ ಹೇಳಿದೆ. ಆರನೇ ಶತಮಾನದಲ್ಲೇ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ, ಹಿಂದೆ ಆಶ್ಲೇಷಾ ನಕ್ಷತ್ರದ ನಡುವೆ ಆಗುತ್ತಿದ್ದ ದಕ್ಷಿಣಾಯನ ಈಗ ಕರ್ಕದ ಶುರುವಿಗೆ ಬಂದಿದೆ ಅಂತ ಬರೆದದ್ದನ್ನೂ ಹೇಳಿದೆ. ಸಂಕ್ರಾಂತಿಯೂ ಡಿಸೆಂಬರ್ 22ಕ್ಕೆ ಮಾಡಬೇಕಿತ್ತು ಅಂದೆ.

ಅಪ್ಪ ಪೂರ್ತಿ ಕೇಳಿದರು. "ಸರಿಯಪ್ಪ, ನೀನು ಹೇಳೋದೇ ನಿಜ ಇರಬಹುದು. ಆದ್ರೆ ಡಿಸೆಂಬರ್ 22ಕ್ಕೆ ನೀನೊಬ್ನೇ ಎಳ್ಳು ಬೀರೋಕೆ ಹೋದ್ರೆ ಯಾರ ಮನೇಲಿ ತಟ್ಟೆ ಇಟ್ಕೊಂಡು ಕಾಯ್ತಾರೆ?"

ಈ ವರ್ಷದ ಹಬ್ಬದಲ್ಲಿ ಆ ಹಿರಿಯರಿಗೆ ಮೂರು ದಿನದ ಲೆಕ್ಕ ಒಪ್ಪಿಸಿದೆ. ಹೋದ ಸಲ ತಪ್ಪು ಮಾತಾಡಿದ್ದೆ ಅಂತಲೂ ಹೇಳಿದೆ. ಖುಷಿಯಾಗಿ ನಕ್ಕು, ಆಲೂಗಡ್ಡೆ ಪಾತ್ರೆ ನನ್ನ ಕಡೆ ತಳ್ಳಿದರು. ಆಮೇಲೆ ನಾನೂ ಹೋಗಿ ಕಪ್ಪೆ ಥರ ಕುಪ್ಪಳಿಸಿದೆ. ರಾತ್ರಿ ಹತ್ತಾದರೂ ಕೆರೆ ಮೇಲೆ ಬೆಳಕಿತ್ತು.

ಕಾರವಾರ, ಮಂಗಳೂರು ಕಡೆಯವರು ಯಾರಾದರೂ ಸಾಂವ್ ಜಾಂವ್ ದಿನ ಬಾವಿಗೆ ಹಾರಿದ್ದೀರಾ? ಹಾರಿದ್ದರೆ ಬರೆದು ತಿಳಿಸಿ. ನನಗಂತೂ ಈಜು ಬರಲ್ಲ :)